ಒಲೀಟಾಗೆ ಊರು ತಟ್ಟಿದ ಚಪ್ಪಾಳೆ

ಗುಂಡು ಯಾರಿಗೆ ತಗಲುತ್ತದೋ ಅವರು ಸಾಯುತ್ತಾರೆ. ಯಾರಿಗೆ ತಗಲಬೇಕಿತ್ತು ಎಂಬುದು ಗುಂಡಿಗೆ ಗೊತ್ತಿರುವುದಿಲ್ಲ. ಹಾರಿಸಿದವರ ಮನಸ್ಸು ಎಷ್ಟು ಒಳ್ಳೆಯದು ಎಂಬುದಂತೂ ಗೊತ್ತೇ ಇರುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ಅಮೆರಿಕದ ಓಕ್ಲಹೋಮಾದ ಹ್ಯಾಸ್ಕಿನ್ಸ್‌ನಲ್ಲಿ ಒಂದು ಊರು, ಒಂದು ಚರ್ಚು, ಒಂದು ನ್ಯಾಯಾಲಯ ಸೇರಿಕೊಂಡು ಇದನ್ನು ಮರೆತವು. ಮರೆಯಲಾಗದೆ ಉಳಿದವಳು ಒಬ್ಬಳೇ. ಅವಳ ಹೆಸರು ಒಲೀಟಾ ಹಾರ್ಗಿಸ್.

ಒಲೀಟಾ ಹ್ಯಾಸ್ಕಿನ್ಸ್ ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯವಿಡೀ ಬಡಿಸಿದವಳು. ಊರಿನಲ್ಲಿ ಈಗ ಮೀಸೆ ಬಂದವರು, ಮಕ್ಕಳಾದವರು, ಜೈಲಿಗೆ ಹೋಗಿ ಬಂದವರು, ಎಲ್ಲರೂ ಒಂದು ಕಾಲಕ್ಕೆ ಅವಳ ಮುಂದೆ ತಟ್ಟೆ ಹಿಡಿದು ನಿಂತವರೇ. ಯಾರಿಗೆ ಬಟಾಣಿ ಸೇರುವುದಿಲ್ಲ, ಯಾರು ನಾಚಿಕೆಯಿಲ್ಲದೆ ಎರಡನೇ ಸಲ ಬರುತ್ತಾರೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಗಂಡ ಬರ್ಲ್ ಮನೆಮನೆಯ ಹಿತ್ತಲಿನ ಟ್ಯಾಂಕಿಗೆ ಗ್ಯಾಸ್ ತುಂಬಿಸುವ ಲಾರಿ ಓಡಿಸುತ್ತಿದ್ದ. ಮಕ್ಕಳಾಗಲಿಲ್ಲ. ಆ ವಿಷಯವನ್ನು ಇಬ್ಬರೂ ಒಮ್ಮೆ ಮಾತಾಡಿ ಮುಗಿಸಿದ್ದರು. ಬರ್ಲ್‌ನ ಶ್ವಾಸಕೋಶ ಕೈಕೊಟ್ಟಿತು. ಮೂಗಿಗೆ ಕೊಳವೆ ಹಾಕಿಕೊಂಡು ಒಂದು ಚಳಿಗಾಲ ತಳ್ಳಿ ಹೋಗಿಬಿಟ್ಟ. ಅವನ ಲಾರಿಯನ್ನೂ ಅವನು ಹೋಗುತ್ತಿದ್ದ ಮನೆಗಳನ್ನೂ ಹಾರ್ಲನ್ ವಾಸ್ ಎಂಬವನು ವಹಿಸಿಕೊಂಡ. ಹಾರ್ಲನ್ ಟ್ಯಾಂಕು ತುಂಬಿಸಿದ ಮೇಲೆ ಬಾಗಿಲು ತಟ್ಟಿ, ಹಿರಿಯ ಹೆಂಗಸರನ್ನು ಕರೆಯುವ ಆ ಸೀಮೆಯ ಮರ್ಯಾದೆಯಂತೆ, "ಮಿಸ್ ಒಲೀಟಾ, ತುಂಬಿಸಿದೀನಿ, ಬೆಚ್ಚಗಿರಿ" ಎಂದು ಹೇಳಿ ಹೋಗುತ್ತಿದ್ದ. ಆ ವಾರದಲ್ಲಿ ಅವಳ ಹೊಸ್ತಿಲಿಗೆ ಬಂದು ಮಾತಾಡಿಸಿದವನು ಅವನೊಬ್ಬನೇ ಆಗಿರುತ್ತಿದ್ದದ್ದೂ ಉಂಟು.

ಅಡುಗೆಮನೆಯ ಕಟ್ಟೆಯ ಮೇಲೆ ಪೊಲೀಸರ ಮಾತು ಕೇಳಿಸುವ ಸಣ್ಣ ರೇಡಿಯೋ ಒಂದಿತ್ತು. ಆ ಸೀಮೆಯಲ್ಲಿ ವಯಸ್ಸಾದವರ ಮನೆಯಲ್ಲಿ ಅದು ಇಲ್ಲದಿದ್ದರೆ ಆಶ್ಚರ್ಯ. ಯಾರದೋ ಹಸು ರಸ್ತೆಗೆ ಬಂದಿದೆ, ಯಾರೋ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಯಾರದೋ ಕೊಟ್ಟಿಗೆಯ ಬೀಗ ಒಡೆದಿದ್ದಾರೆ. ಬರ್ಲ್ ಇದ್ದಾಗ ಇಬ್ಬರೂ ಅದನ್ನು ಕೇಳಿಕೊಂಡು ನಗುತ್ತಾ ಊಟ ಮಾಡುತ್ತಿದ್ದರು. ಒಬ್ಬಳೇ ಕೇಳತೊಡಗಿದ ಮೇಲೆ ಅದೇ ರೇಡಿಯೋ ಹೆದರಿಸತೊಡಗಿತು. ಲೋಕವೆಲ್ಲ ಬೀಗ ಒಡೆಯುವವರಿಂದಲೇ ತುಂಬಿದೆ ಎನಿಸಿತು. ಆರಿಸೋಣವೆಂದರೆ ಮನೆಯಲ್ಲಿ ಬೇರೆ ದನಿಯೇ ಇರಲಿಲ್ಲ.

ಹೆದರಿದ ಹೆಂಗಸಿಗೆ ಆ ಊರು ಕೊಟ್ಟ ಔಷಧ ಒಂದೇ. ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಪಿಸ್ತೂಲಿನ ತರಗತಿ ನಡೆಯುತ್ತಿತ್ತು. ಬಟ್ಟೆಯೊಳಗೆ, ಚೀಲದೊಳಗೆ ಬಚ್ಚಿಟ್ಟುಕೊಂಡು ಓಡಾಡಲು ಆಗ ಪರವಾನಗಿ ಬೇಕಿತ್ತು. ಆ ತರಗತಿಗೆ ಕೂತರೆ ಪರವಾನಗಿ ಸಿಗುತ್ತಿತ್ತು. ಪಕ್ಕದಲ್ಲಿ ಒಂದು ಕುರ್ಚಿ, ಅದರಲ್ಲಿ ಒಬ್ಬ ಮನುಷ್ಯ ಸಿಗುತ್ತಾನಲ್ಲ ಎಂಬ ಆಸೆಗೇ ಒಲೀಟಾ ಹೋದಳು. ಹೆಂಗಸರು ಮನೆಯಿಂದ ಕೇಕ್ ತಂದಿದ್ದರು. ಕಲಿಸುತ್ತಿದ್ದವನು ಕಾಡಿನ ಕಾವಲುಗಾರನಾಗಿ ನಿವೃತ್ತನಾದವನು, ದೊಡ್ಡ ಹೊಟ್ಟೆಯ ನಗುಮುಖದ ಮನುಷ್ಯ.

"ಗುಟ್ಟಾಗಿ ಇಟ್ಕೊಳೋದು ಅಂದ್ರೆ ಗುಟ್ಟು ಅಷ್ಟೇ," ಎಂದ ಅವನು. "ಯಾರ ಹತ್ರ ಇದೆ ಅಂತ ಕೇಳೋದು ಮರ್ಯಾದೆ ಅಲ್ಲ, ಹೇಳೋದೂ ಮರ್ಯಾದೆ ಅಲ್ಲ. ನಿಮ್ಮ ಪಾದ್ರಿಗೂ ಗೊತ್ತಾಗಬಾರದು."

"ಪಾದ್ರಿ ಹತ್ರಾನೇ ಎರಡಿದಾವೆ," ಎಂದಳು ಹಿಂದಿನ ಸಾಲಿನವಳು. ಎಲ್ಲರೂ ನಕ್ಕರು.

"ಇನ್ನೊಂದು. ಅಂಗಡೀಲಿ ಒಬ್ಬ ಕಳ್ಳ ಕಂಡ ಅಂದ್ರೆ ಅಲ್ಲಿಗೇ ನಿಲ್ಲಬೇಡಿ, ಇನ್ನೊಬ್ಬನ್ನ ಹುಡುಕಿ. ಅವನು ಗಿರಾಕಿ ಥರ ಸುಮ್ನೆ ನಿಂತಿರ್ತಾನೆ. ಜನ ಸಾಯೋದು ಆ ಎರಡನೇವನ ಕೈಲಿ."

ಒಲೀಟಾ ಕೈಯೆತ್ತಿ ಕೇಳಿದಳು. "ನಮ್ಮ ಥರದವರೇ ಇಬ್ಬರು ಒಟ್ಟಿಗೆ ತೆಗೆದ್ರೆ?"

"ಒಳ್ಳೇ ಜನ ಒಬ್ಬರನ್ನೊಬ್ಬರು ಗುರುತು ಹಿಡೀತಾರೆ, ತಾಯಿ," ಎಂದ ಆತ. ಅಷ್ಟಕ್ಕೇ ಕಾಫಿಗೆ ಬಿಟ್ಟ. ಒಂದು ಊರಿನ ಸಾವು ಬದುಕಿನ ಪ್ರಶ್ನೆಗೆ ಸಿಕ್ಕ ಉತ್ತರ ಇಷ್ಟೇ. ಇಂಥ ಉತ್ತರದ ಮೇಲೆ ಜನರ ಕೈಗೆ ಪಿಸ್ತೂಲು ಕೊಡುವವರಿಗೆ ನಿದ್ದೆ ಹೇಗೆ ಬರುತ್ತದೋ.

ಬರ್ಲ್‌ನ ಹಳೆಯ ಪಿಸ್ತೂಲು ಒಲೀಟಾಳ ಕೈಚೀಲ ಸೇರಿತು. ಅದಕ್ಕೆಂದೇ ಪಕ್ಕದಲ್ಲಿ ಜೇಬಿರುವ ಚೀಲಗಳು ಆ ಊರಿನ ಅಂಗಡಿಯಲ್ಲಿ ಬಣ್ಣ ಬಣ್ಣದವು ಸಿಗುತ್ತವೆ. ಅವಳದು ಕಂದು. ಪ್ರತಿ ಮಧ್ಯಾಹ್ನ ಆ ಚೀಲ ತೂಗಿಕೊಂಡು ಹೆದ್ದಾರಿಯ ಪೆಟ್ರೋಲ್ ಬಂಕಿನ ಅಂಗಡಿಗೆ ಹೋಗುತ್ತಿದ್ದಳು. ಅಲ್ಲಿ ಕರಿದ ಕೋಳಿ, ಕಾಫಿ, ಮೀನಿನ ಗಾಳ, ಔಷಧ ಎಲ್ಲವೂ ಒಂದೇ ಸೂರಿನಡಿ. ಗಲ್ಲಾಪೆಟ್ಟಿಗೆಯ ಹಿಂದೆ ಟ್ಯಾಮ್ರಾ ಎಂಬ ಮಾತುಗಾತಿ ಕೂರುತ್ತಿದ್ದಳು.

ನವೆಂಬರ್ ತಿಂಗಳು, ಜಿಂಕೆ ಬೇಟೆಯ ದಿನಗಳು. ಆಗ ಹ್ಯಾಸ್ಕಿನ್ಸ್‌ನ ಗಂಡಸರೆಲ್ಲ ಗಡ್ಡ ಬಿಟ್ಟು, ಒಣಗಿದ ಎಲೆಯ ಚಿತ್ರವಿರುವ ಒಂದೇ ಬಗೆಯ ಕೋಟು ತೊಟ್ಟು ಓಡಾಡುತ್ತಾರೆ. ಹೆಂಡತಿಯರೇ ಬೆನ್ನು ನೋಡಿ ತಪ್ಪು ಗಂಡನನ್ನು ಕರೆದ ಕಥೆಗಳಿವೆ.

"ಕಾಫಿ ಬೆಳಗ್ಗೇದು, ಮಿಸ್ ಒಲೀಟಾ. ಹೊಸದು ಹಾಕ್ತೀನಿ ತಡೀರಿ," ಎಂದಳು ಟ್ಯಾಮ್ರಾ.

"ಹಳಬಳಿಗೆ ಹಳೇದೇ ಸಾಕು ಬಿಡೇ."

"ನೀವು ಹಳಬರಾ? ಮೊನ್ನೆ ಟೈರ್ ಅಂಗಡಿಯವನು ನಿಮ್ಮನ್ನ ವಿಚಾರಿಸ್ತಿದ್ದ."

"ನನ್ನ ಕಾರಿನ ಟೈರ್ ಸವೆದಿದೆ, ಅದಕ್ಕೆ."

ಒಲೀಟಾ ಹಿಂದಿನ ಮೂಲೆಯಲ್ಲಿದ್ದ ಕಾಫಿ ಪಾತ್ರೆಯ ಹತ್ತಿರ ಹೋದಳು. ಅಷ್ಟರಲ್ಲಿ ಬಾಗಿಲು ತೆರೆದು ಒಬ್ಬ ಒಳಗೆ ಬಂದ. ಮುಖಕ್ಕೆ ಕರವಸ್ತ್ರ ಕಟ್ಟಿದ್ದ, ಕೈಯಲ್ಲಿ ಪಿಸ್ತೂಲಿತ್ತು.

"ಟ್ಯಾಮ್ರಾ, ಹೆದರ್ಕೋಬೇಡ. ಗಲ್ಲಾದಲ್ಲಿರೋದನ್ನ ಚೀಲಕ್ಕೆ ಹಾಕು."

"ಲಾನಿ, ಇದೇನೋ ಇದು?"

"ನಾನು ಲಾನಿ ಅಲ್ಲ."

"ನಿಮ್ಮಮ್ಮ ನಿನ್ನೆ ಇಲ್ಲೇ ನಿಂತು ಹಾಲು ತಗೊಂಡು ಹೋದ್ಲು ಕಣೋ."

"ಹಾಕು ಅಂದೆ."

ಲಾನಿ ಟ್ರೆಡ್‌ವೇ ಮನೆಗಳ ಮಾಡು ಹೊದಿಸುವ ಕೆಲಸದವನು. ಒಮ್ಮೆ ಮಾಡಿನಿಂದ ಬಿದ್ದು ಬೆನ್ನು ಮುರಿದುಕೊಂಡ. ನೋವಿಗೆ ಡಾಕ್ಟರು ಮಾತ್ರೆ ಕೊಟ್ಟರು. ನೋವು ಹೋಗಿ ಮಾತ್ರೆ ಉಳಿಯಿತು. ಒಲೀಟಾಗೆ ಅವನು ಕರವಸ್ತ್ರದ ಮೇಲಿನ ಕಿವಿಗಳಿಂದಲೇ ಗುರುತು ಸಿಕ್ಕಿದ. ಆದರೆ ಅವಳ ಕೈ ಆಗಲೇ ಚೀಲದ ಪಕ್ಕದ ಜೇಬಿನೊಳಗಿತ್ತು.

ಮುಂದಿನದನ್ನು ಅವಳು ಆಮೇಲೆ ಎಷ್ಟು ಸಲ ಹೇಳಿದಳೋ ಅಷ್ಟು ಸಲವೂ ಒಂದೇ ಥರ ಹೇಳಿದಳು. ಟ್ಯಾಮ್ರಾ ನೋಟುಗಳನ್ನು ಚೀಲಕ್ಕೆ ತುಂಬಿ ಮೇಜಿನ ಮೇಲಿಟ್ಟು ಕೆಳಗೆ ಕುಕ್ಕರಿಸಿದಳು. ಲಾನಿ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಚೀಲ ತೆಗೆದುಕೊಂಡ. ಬೆನ್ನು ತಿರುಗಿಸಿ ಬಾಗಿಲಿಗೆ ಭುಜ ಕೊಟ್ಟ. ಅಂದರೆ ಕಳ್ಳತನ ಮುಗಿದಿತ್ತು. ಒಲೀಟಾ ಸುಮ್ಮನೆ ನಿಂತಿದ್ದರೆ ಆ ಮಧ್ಯಾಹ್ನ ಯಾರೂ ಸಾಯುತ್ತಿರಲಿಲ್ಲ. ಅವಳ ಪಿಸ್ತೂಲು ಹೊರಬಂತು. ಅದೇ ಗಳಿಗೆಯಲ್ಲಿ ಆಲೂಗಡ್ಡೆ ಚಿಪ್ಸಿನ ಸಾಲಿನ ಹಿಂದಿನಿಂದ ಎಲೆಚಿತ್ರದ ಕೋಟಿನ, ಗಡ್ಡದ ಮನುಷ್ಯನೊಬ್ಬ ಮೇಲೆದ್ದ. ಅವನ ಕೈಯಲ್ಲೂ ಪಿಸ್ತೂಲು.

ಎರಡನೇವನು, ಎಂದಿತು ಅವಳ ತಲೆ. ಗಿರಾಕಿಯ ಥರ ನಿಂತಿದ್ದವನು.

ಅವನು ಅವಳತ್ತ ತಿರುಗಿದ. ನೋಡಿದ. ಅವನ ಹುಬ್ಬು ಸಡಿಲವಾಯಿತು. ಪಿಸ್ತೂಲಿನ ಮೂತಿಯನ್ನು ನೆಲದ ಕಡೆ ಇಳಿಸಿ ಬಾಯಿ ತೆರೆದ, ಏನೋ ಹೇಳುವುದಕ್ಕೆ. ಒಲೀಟಾ ಹಾರಿಸಿದಳು.

ಬಿದ್ದವನ ಟೊಪ್ಪಿ ಕಳಚಿಕೊಂಡ ಮೇಲೆ ಅದು ಹಾರ್ಲನ್ ಎಂದು ಗೊತ್ತಾಯಿತು. ಅವನಿಗೆ ಅವಳ ಗುರುತು ಸಿಕ್ಕಿತ್ತು. ಅವಳಿಗೆ ಅವನದು ಸಿಕ್ಕಿರಲಿಲ್ಲ. ಅವನ ಹತ್ತಿರ ಪಿಸ್ತೂಲಿದೆಯೇ ಎಂದು ಅವಳು, ಅವಳ ಹತ್ತಿರ ಇದೆಯೇ ಎಂದು ಅವನು ಎಂದೂ ಕೇಳಿರಲಿಲ್ಲ. ಕೇಳುವುದು ಮರ್ಯಾದೆಯಲ್ಲವಲ್ಲ.

ಲಾನಿ ಹೆದ್ದಾರಿಯ ಪಕ್ಕದ ಚರಂಡಿಯಲ್ಲಿ ಸಿಕ್ಕಿಬಿದ್ದ. ಅವನ ಪಿಸ್ತೂಲಿನಲ್ಲಿ ಗುಂಡು ಹಾರುತ್ತಿರಲಿಲ್ಲ, ಗಾಳಿ ಒತ್ತಿ ಸಣ್ಣ ಉಂಡೆ ಹಾರಿಸುವ, ಅಳಿಲಿಗೆ ಹೊಡೆಯುವ ಆಟಿಕೆ ಅದು. ಅಂಗಡಿಯ ಕ್ಯಾಮರಾ ಗಲ್ಲಾಪೆಟ್ಟಿಗೆಯ ಕಡೆಗಷ್ಟೇ ತಿರುಗಿತ್ತು. ಮೇಜಿನ ಈಚೆ ನಿಂತವರೂ ಕಾಣುತ್ತಿರಲಿಲ್ಲ, ಬಾಗಿಲೂ ಚಿಪ್ಸಿನ ಸಾಲೂ ಕಾಣುತ್ತಿರಲಿಲ್ಲ. ಟ್ಯಾಮ್ರಾ ಮೇಜಿನಡಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ಹಾರ್ಲನ್ ಪಿಸ್ತೂಲು ಇಳಿಸಿದ್ದನ್ನು, ಲಾನಿ ಬೆನ್ನು ತಿರುಗಿಸಿದ್ದನ್ನು ಕಂಡವಳು ಒಲೀಟಾ ಮಾತ್ರ.

ಅವಳು ಅಲ್ಲೇ ನೆಲದ ಮೇಲೆ ಕುಳಿತು ಹಾರ್ಲನ್‌ನ ತಲೆ ತೊಡೆಯ ಮೇಲಿಟ್ಟುಕೊಂಡು, ಬಂದ ಪೊಲೀಸರಿಗೆ ಹೇಳಿದಳು. "ನಾನು ಕೊಂದೆ."

ಅವರಲ್ಲೊಬ್ಬ ಅವಳ ಕೈಯಿಂದ ಊಟ ಮಾಡಿ ಬೆಳೆದವನು. ಮೊಣಕಾಲೂರಿ ಕುಳಿತು ಅವಳ ಬೆನ್ನು ಸವರಿದ. "ಇಲ್ಲ ಮಿಸ್ ಒಲೀಟಾ. ನಮ್ಮಲ್ಲಿ ಕಾನೂನು ಹಾಗಿಲ್ಲ. ದರೋಡೆ ನಡೀವಾಗ ಯಾರು ಸತ್ತರೂ ಅದು ದರೋಡೆ ಮಾಡಿದವನ ತಲೆ ಮೇಲೆ. ಕಾನೂನಿನ ಲೆಕ್ಕದಲ್ಲಿ ಅದು ನಿಮ್ಮ ಗುಂಡೇ ಅಲ್ಲ."

ಆ ಮಾತು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಕ್ರೂರಿಗಳು ಹೇಳಿದ್ದರೆ ಒಲೀಟಾ ಜಗಳವಾಡಬಹುದಿತ್ತು. ಆ ಊರಿನಲ್ಲಿ ಅವಳಿಗೆ ಒಬ್ಬ ಕ್ರೂರಿಯೂ ಸಿಗಲಿಲ್ಲ, ಅದೇ ಕಷ್ಟ.

ಸಾವಿನ ಮನೆಗೆ ಬೇಯಿಸಿ ಕಳಿಸುವುದು ಅಲ್ಲಿಯ ಪದ್ಧತಿ. ಕೋಳಿ, ಅಕ್ಕಿ, ಚೀಸ್ ಸೇರಿಸಿ ಬೇಯಿಸಿದ ಗಾಜಿನ ಪಾತ್ರೆ, ತಳದಲ್ಲಿ ಮನೆಯ ಹೆಸರು ಬರೆದ ಪಟ್ಟಿ. ಆ ವಾರ ಹ್ಯಾಸ್ಕಿನ್ಸ್‌ನ ಒಂದೊಂದು ಒಲೆಯಲ್ಲೂ ಎರಡೆರಡು ಪಾತ್ರೆ ಬೆಂದವು. ಒಂದು ಸತ್ತವನ ಮನೆಗೆ, ಒಂದು ಕೊಂದವಳ ಮನೆಗೆ. ತಂದವರೆಲ್ಲ ಅವಳನ್ನು ತಬ್ಬಿಕೊಂಡರು. "ಲಾನಿ ಎಂಥಾ ಕೆಲಸ ಮಾಡಿಬಿಟ್ಟ ನೋಡಿ, ಹಾರ್ಲನ್‌ನ ಕೊಂದುಬಿಟ್ಟ," ಎಂದರು. ಅವಳು, "ಕೊಂದದ್ದು ನಾನು," ಎನ್ನುವಳು. "ಸುಮ್ನಿರಿ ಬಂಗಾರ," ಎಂದು ಪಾತ್ರೆಯನ್ನು ಫ್ರಿಜ್ಜಿನಲ್ಲಿಟ್ಟು ಹೋಗುವರು.

ಹಾರ್ಲನ್‌ನ ಹೆಂಡತಿ ಡಾರ್ಲಾಗೆ ಹೇಳೋಣವೆಂದು ಮಣ್ಣಿನ ದಿನ ಹೋದಳು. "ಡಾರ್ಲಾ, ನಾನು..." ಎನ್ನುವಷ್ಟರಲ್ಲಿ ಡಾರ್ಲಾ ಅವಳ ಬಾಯಿಯ ಮೇಲೆ ಕೈಯಿಟ್ಟಳು. "ಗೊತ್ತು, ಗೊತ್ತು. ನಿಮ್ಮ ತಪ್ಪಲ್ಲ. ಅವನಿಗೆ ನಿಮ್ಮನ್ನ ಕಂಡ್ರೆ ಎಷ್ಟು ಇಷ್ಟ ಇತ್ತು." ಸಂತಾಪ ಹೇಳಲು ಬಂದವರ ಸಾಲು ಒಲೀಟಾಳ ಹಿಂದೆ ನಿಂತಿತ್ತು. ಒಲೀಟಾ ಮುಂದೆ ಸರಿಯಬೇಕಾಯಿತು.

ಇಲ್ಲಿಂದ ಮುಂದೆ ಒಲೀಟಾಗೆ ಬೇಕಿದ್ದದ್ದು ಒಂದೇ. ಆ ಸಾವು ತನ್ನ ಕೈಯಿಂದ ಆದದ್ದು ಎಂದು ಯಾರಾದರೂ ಒಬ್ಬರು ಅವಳಿಂದ ಕೇಳಿಸಿಕೊಳ್ಳಬೇಕು. ಕೇಳದಿದ್ದರೆ ಅದನ್ನು ಹೊತ್ತು ಲಾನಿ ಸಾಯುವವರೆಗೆ ಜೈಲಿನಲ್ಲಿ ಕೊಳೆಯುತ್ತಾನೆ. ಅವನು ಕಳ್ಳ, ಕಳ್ಳತನದ ಶಿಕ್ಷೆ ಆಗಲಿ. ಅವಳು ಮಾಡಿದ್ದಕ್ಕೆ ಅವನೇಕೆ?

ಡಾರ್ಲಾಳ ಮನೆಗೆ ನೆರವಾಗಲೆಂದು ಚರ್ಚಿನವರು ಶಾಲೆಯ ಊಟದ ಕೋಣೆಯಲ್ಲಿ ಸಾರ್ವಜನಿಕ ಭೋಜನ ಇಟ್ಟರು. ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ರೊಟ್ಟಿ, ಹಸಿ ಈರುಳ್ಳಿ. ಒಲೀಟಾ ಎಷ್ಟೋ ವರ್ಷ ಬಡಿಸಿದ ಕಟ್ಟೆಯ ಮುಂದೆ ಅವಳಿಗೇ ಮುಖ್ಯ ಅತಿಥಿಯ ಕುರ್ಚಿ. ನೆರವಿನ ದುಡ್ಡಿಗಾಗಿ ಲಾಟರಿ ಚೀಟಿ ಮಾರಿದ್ದರು. ಬಹುಮಾನವೇನು ಗೊತ್ತೇ? ಒಂದು ಬಂದೂಕು. ಜಿಂಕೆ ಹೊಡೆಯುವ ಹೊಚ್ಚಹೊಸ ಬಂದೂಕು, ಹಾರ್ಲನ್‌ನ ಫೋಟೋದ ಪಕ್ಕದಲ್ಲಿ ಮೇಜಿನ ಮೇಲೆ ಮಲಗಿತ್ತು. ಗುಂಡು ತಗುಲಿ ಸತ್ತವನ ಮನೆಗೆ ಬಂದೂಕು ಲಾಟರಿಗಿಟ್ಟು ಅನ್ನ ಹಾಕುವುದು ಅಲ್ಲಿದ್ದ ಒಬ್ಬನಿಗೂ ವಿಚಿತ್ರವೆನಿಸಲಿಲ್ಲ. ಆ ಸೀಮೆಯಲ್ಲಿ ಕ್ಯಾನ್ಸರ್ ಬಂದವರಿಗೂ ಹಾಗೆಯೇ ದುಡ್ಡೆತ್ತುತ್ತಾರೆ. ಬೇರೆ ಬಹುಮಾನವಿಟ್ಟರೆ ಚೀಟಿ ಖರ್ಚಾಗುವುದಿಲ್ಲ.

ಚೀಟಿ ಎತ್ತುವ ಮೊದಲು ಬಂದೂಕಿನ ಅಂಗಡಿಯವನು ಎದ್ದು ನಿಂತ. "ಮಿಸ್ ಒಲೀಟಾ ಅವರದು ಕೋರ್ಟಿನ ವಶದಲ್ಲಿದೆ. ಅವರು ಬರಿಗೈಲಿ ಇರೋದು ನಮಗೆ ಚೆನ್ನಾಗಿ ಕಾಣಲ್ಲ," ಎಂದು ಒಂದು ಹೊಸ ಪಿಸ್ತೂಲಿನ ಪೆಟ್ಟಿಗೆಯನ್ನು ಅವಳ ತಟ್ಟೆಯ ಪಕ್ಕ ಇಟ್ಟ. ಮುಚ್ಚಳಕ್ಕೆ ರಿಬ್ಬನ್ ಕಟ್ಟಿತ್ತು.

ಆಮೇಲೆ ಪಾದ್ರಿ ಬ್ರದರ್ ಗೇಲನ್ ಚೀಟಿಗಳಿದ್ದ ಡಬ್ಬ ಹಿಡಿದು ಬಂದ. "ಅದೃಷ್ಟದ ಚೀಟಿ ಎತ್ತೋಕೆ ಇವರಿಗಿಂತ ಯೋಗ್ಯರು ಯಾರಿದಾರೆ? ಬನ್ನಿ ತಾಯಿ, ಆ ಕೈ ಇತ್ತ ಹಾಕಿ."

ಒಲೀಟಾ ಎದ್ದು ಮೈಕಿನ ಮುಂದೆ ನಿಂತಳು. ಡಬ್ಬದೊಳಗೆ ಕೈ ಹಾಕಲಿಲ್ಲ.

"ಲಾನಿ ಹೊರಟುಬಿಟ್ಟಿದ್ದ," ಎಂದಳು. "ಪಿಸ್ತೂಲು ಸೊಂಟದಲ್ಲಿತ್ತು. ಹಾರ್ಲನ್ ನನ್ನ ಗುರುತು ಹಿಡಿದು ತನ್ನದನ್ನ ಕೆಳಗಿಳಿಸಿದ. ಆಮೇಲೆ ನಾನು ಹೊಡೆದೆ. ಅವನನ್ನ ಕೊಂದವಳು ನಾನು. ನೀವು ಯಾರೂ ಕೇಳ್ತಿಲ್ಲ, ಅದಕ್ಕೆ ಇಲ್ಲಿ ಹೇಳ್ತಿದೀನಿ."

ಎಲ್ಲೋ ಒಂದು ಚಮಚ ತಟ್ಟೆಗೆ ತಾಗಿದ ಸದ್ದು. ಅಷ್ಟರಲ್ಲಿ ಬ್ರದರ್ ಗೇಲನ್ ಅವಳ ಹೆಗಲಿಗೆ ಕೈ ಹಾಕಿ ಮೈಕನ್ನು ತನ್ನ ಕಡೆ ತಿರುಗಿಸಿಕೊಂಡ. "ನೋಡಿ, ಎಂಥ ಕೋಮಲ ಮನಸ್ಸು. ಆ ಪಾಪಿ ಮಾಡಿದ್ದನ್ನೂ ತನ್ನ ಮೇಲೆ ಎಳ್ಕೊಳೋ ಹೃದಯ. ಇಂಥವರು ನಮ್ಮೂರಲ್ಲಿದಾರೆ ಅನ್ನೋದಕ್ಕೆ ದೇವರಿಗೆ ಸ್ತೋತ್ರ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲು ಮುಂದಿನ ಸಾಲು, ಆಮೇಲೆ ಇಡೀ ಕೋಣೆ. ಅವಳ ಕೈಯಿಂದ ಹಾಲು ಕುಡಿದು ದೊಡ್ಡವರಾದವರೆಲ್ಲ ಅಳುತ್ತಾ ತಟ್ಟಿದರು. ಒಬ್ಬ ಹೆಂಗಸಿನ ಬಾಯಿಂದ ಬಂದ ಸತ್ಯವನ್ನು ಬಾಯಿ ಮುಚ್ಚಿಸಿ ಕೊಲ್ಲುವುದು ಹಳೆಯ ಪದ್ಧತಿ. ಹ್ಯಾಸ್ಕಿನ್ಸ್ ಅದನ್ನು ಮೆಚ್ಚಿ ಕೊಂದಿತು. ಯಾರೋ ಚೀಟಿ ಎತ್ತಿದರು, ಯಾರಿಗೋ ಬಂದೂಕು ಹೋಯಿತು. ಒಲೀಟಾ ರಿಬ್ಬನ್ ಕಟ್ಟಿದ ಪೆಟ್ಟಿಗೆಯನ್ನು ಮೇಜಿನ ಮೇಲೇ ಬಿಟ್ಟು ಅಡುಗೆಮನೆಯ ಹಿಂದಿನ ಬಾಗಿಲಿನಿಂದ ಮನೆಗೆ ನಡೆದಳು. ಅವಳು ಮನೆ ಮುಟ್ಟುವ ಮೊದಲೇ ಒಬ್ಬರು ಕಾರಿನಲ್ಲಿ ಬಂದು, "ಮರೆತು ಬಂದಿದೀರಿ," ಎಂದು ಅದನ್ನು ಕೈಗೆ ಕೊಟ್ಟು ಹೋದರು.

ವಿಚಾರಣೆಗೆ ಮುಂಚೆ ಸರ್ಕಾರಿ ವಕೀಲ ಅವಳನ್ನು ಕರೆಸಿಕೊಂಡ. ಮೃದು ಮಾತಿನ, ಇಸ್ತ್ರಿ ಮಾಡಿದ ಮನುಷ್ಯ.

"ನೀವು ಹೊಡೆದಾಗ ಲಾನಿ ಪಿಸ್ತೂಲು ಟ್ಯಾಮ್ರಾ ಕಡೆ ತಿರುಗಿತ್ತು, ಅಲ್ವಾ ಅಮ್ಮ?"

"ಇಲ್ಲ ಸಾರ್. ಸೊಂಟದಲ್ಲಿತ್ತು. ಬೆನ್ನು ನನ್ನ ಕಡೆ ಇತ್ತು."

"ಗಾಬರೀಲಿ ನೆನಪು ಹಿಂದುಮುಂದಾಗುತ್ತೆ."

"ಗಾಬರೀಲಿ ನನಗೆ ಮನುಷ್ಯ ತಪ್ಪಿದ. ನೆನಪು ತಪ್ಪಿಲ್ಲ."

ಆತ ಪೆನ್ನು ಕೆಳಗಿಟ್ಟ. "ನೋಡಿ, ಯಾರೂ ನಿಮ್ಮ ತಂಟೆಗೆ ಬರ್ತಿಲ್ಲ. ನೀವಾಗಿ ಯಾಕೆ ಬಾವಿಗೆ ಹಾರ್ತೀರಿ?"

"ಲಾನಿಯನ್ನ ತಳ್ತಿದೀರಲ್ಲ, ಅದಕ್ಕೆ."

ದರೋಡೆ ಆಗಲೇ ಮುಗಿದಿತ್ತೆಂದಾದರೆ ಆ ಸಾವು ಲಾನಿಯ ತಲೆ ಮೇಲೆ ನಿಲ್ಲುವುದು ಕಷ್ಟ. ಆತ ಅವಳನ್ನು ಸಾಕ್ಷಿಗೆ ಕರೆಯುವುದನ್ನೇ ಕೈಬಿಟ್ಟ. ಲಾನಿಯ ವಕೀಲ ಕರೆದ. ಆ ಸುದ್ದಿ ಹಬ್ಬಿದ ದಿನದಿಂದ ಊರು ಮೆಲ್ಲಗೆ ಹಿಂದೆ ಸರಿಯಿತು. ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಗಾಜಿನ ಪಾತ್ರೆಗಳು ನಿಂತವು. ಚರ್ಚಿನ ಬೆಂಚಿನಲ್ಲಿ ಅವಳ ಎರಡೂ ಪಕ್ಕ ಜಾಗ ಖಾಲಿ ಉಳಿಯಿತು. ಟ್ಯಾಮ್ರಾ ಕಾಫಿ ಕೊಡುತ್ತಿದ್ದಳು, ಹೊಸದೋ ಹಳೆಯದೋ ಎಂದು ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ ತಡೆಯಲಾರದೆ ಕೇಳಿದಳು.

"ಅವನು ನನ್ನ ಮುಖಕ್ಕೆ ಪಿಸ್ತೂಲು ಹಿಡಿದಿದ್ದ. ನೀವು ಅವನ ಕಡೆ ನಿಲ್ತೀರಾ?"

"ಹಿಡಿದಿದ್ದ, ಅದನ್ನೂ ಹೇಳ್ತೀನಿ. ಆಮೇಲೆ ಇಳಿಸಿದ, ಅದನ್ನೂ ಹೇಳ್ತೀನಿ."

"ನನಗೆ ಕನಸಲ್ಲಿ ಅವನು ಇಳಿಸೋದೇ ಇಲ್ಲ, ಮಿಸ್ ಒಲೀಟಾ," ಎಂದಳು ಟ್ಯಾಮ್ರಾ. ಅವಳದೂ ಸುಳ್ಳಲ್ಲ. ಒಲೀಟಾ ಕಾಫಿ ತೆಗೆದುಕೊಂಡು ಹೊರಗೆ ಕಾರಿನಲ್ಲಿ ಕುಳಿತು ಕುಡಿದಳು. ಆಮೇಲಿಂದ ಅಲ್ಲಿಗೆ ಹೋಗಲಿಲ್ಲ.

ನ್ಯಾಯಾಲಯದಲ್ಲಿ ಅವಳು ನೀಲಿ ಅಂಗಿ ತೊಟ್ಟು ಬೈಬಲ್ ಮೇಲೆ ಕೈಯಿಟ್ಟಳು. ಎಲ್ಲವನ್ನೂ ಅದೇ ಕ್ರಮದಲ್ಲಿ ಹೇಳಿದಳು. ಲಾನಿ ತಲೆಯೆತ್ತದೆ ಕುಳಿತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ಸರ್ಕಾರಿ ವಕೀಲ ಎದ್ದು ಬಂದು ಅವಳನ್ನು ಒಂದು ಸಲವೂ ಸುಳ್ಳುಗಾತಿ ಎನ್ನಲಿಲ್ಲ. ಕೇಳಿದ್ದು ಬೇರೆಯೇ.

"ಮಿಸ್ ಒಲೀಟಾ, ನಿಮಗೆ ನಿದ್ದೆ ಬರುತ್ತಾ?"

"ಕಮ್ಮಿ."

"ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಇದೀರಿ."

"ಹೌದು."

"ಮನೇಲಿ ಒಬ್ಬರೇ ಮಾತಾಡ್ಕೋತೀರಂತೆ?"

"ಇನ್ಯಾರ ಹತ್ರ ಮಾತಾಡಲಿ ಸಾರ್?"

ತೀರ್ಪು ಹೇಳಲು ಊರ ಜನರಿಂದಲೇ ಆರಿಸಿ ಕೂರಿಸಿದ ಪಂಚರ ಸಾಲಿನಲ್ಲಿ ಕೆಲವರು ಮರುಕದಿಂದ ಮುಗುಳ್ನಕ್ಕರು. ಅಲ್ಲಿಗೆ ಮುಗಿಯಿತು. ಅವಳ ಒಂಟಿತನವನ್ನೇ ಅವಳ ಮಾತಿನ ಮೇಲೆ ಮುಚ್ಚಳವಾಗಿ ಮುಚ್ಚಿದರು. ಒಂಟಿ ಮುದುಕಿ, ಪಾಪ, ದುಃಖದಲ್ಲಿ ಏನೋ ಹೇಳುತ್ತಾಳೆ. ಹನ್ನೆರಡು ಜನ ಒಳ್ಳೆಯವರು ಒಳಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮೊದಲೇ ಹೊರಬಂದರು. ಲಾನಿ ಟ್ರೆಡ್‌ವೇ ಕೊಲೆಗಾರ, ಬದುಕಿರುವವರೆಗೆ ಜೈಲು. ಅವನ ತಾಯಿ ಬೆಂಚಿನ ಮೇಲೆ ಪಕ್ಕಕ್ಕೆ ವಾಲಿದಳು. ಪಂಚರ ಮುಂದಾಳು ಹೋಗುವಾಗ ಒಲೀಟಾಳ ಮೊಣಕೈ ಮುಟ್ಟಿ ಹೇಳಿದ. "ನಿಮ್ಮ ಮೇಲೆ ಯಾರಿಗೂ ಸಿಟ್ಟಿಲ್ಲ ಅಮ್ಮ. ಮನೆಗೆ ಹೋಗಿ ಮಲಗಿ."

ಹೊರಗೆ ಗಾಳಿ ಕೆಂಪು ಮಣ್ಣನ್ನು ಎಬ್ಬಿಸುತ್ತಿತ್ತು. ವಾಹನ ನಿಲ್ಲಿಸುವ ಜಾಗದಲ್ಲಿ ಒಲೀಟಾ ತನ್ನ ಕಾರಿನ ಬೀಗದ ಕೈ ಹುಡುಕುತ್ತಾ ನಿಂತಿದ್ದಳು. ಡಾರ್ಲಾ ಬಂದು ಎದುರು ನಿಂತಳು. ಎರಡು ಕೈಯನ್ನೂ ಕೋಟಿನ ಜೇಬಿನೊಳಗೆ ಇಟ್ಟುಕೊಂಡಿದ್ದಳು. ಈ ಸಲ ಒಲೀಟಾಳ ಹಿಂದೆ ಯಾವ ಸಾಲೂ ಇರಲಿಲ್ಲ.

"ಅವನು ಪಿಸ್ತೂಲು ಇಳಿಸಿದ್ದನಾ?"

"ಇಳಿಸಿದ್ದ."

"ನಿಜವಾಗ್ಲೂ?"

"ಮೂತಿ ಪೂರ್ತಿ ನೆಲಕ್ಕಿತ್ತು."

"ನಿಮ್ಮ ಗುರುತು ಸಿಕ್ಕಿತ್ತಾ ಅವನಿಗೆ?"

"ಸಿಕ್ಕಿತ್ತು. ನನ್ನ ಹೆಸರು ಹೇಳೋಕೆ ಬಾಯಿ ತೆಗೆದಿದ್ದ ಅನ್ಸುತ್ತೆ."

ಡಾರ್ಲಾ ರಸ್ತೆಯ ಕಡೆ ಮುಖ ತಿರುಗಿಸಿದಳು. "ಆಮೇಲೆ?"

"ಆಮೇಲೆ ಹೊಡೆದೆ."

"ಆಮೇಲೆ ಏನಂದ?"

"ಏನೂ ಅನ್ನಲಿಲ್ಲ. ತಲೆ ತೊಡೆ ಮೇಲಿಟ್ಕೊಂಡೆ. ನನ್ನ ತೋಳು ಹಿಡ್ಕೊಂಡಿದ್ದ. ಸ್ವಲ್ಪ ಹೊತ್ತು ಬಿಗಿಯಾಗಿತ್ತು, ಆಮೇಲೆ ಬಿಟ್ಟ."

"ಯಾವ ತೋಳು?"

ಒಲೀಟಾ ಎಡತೋಳು ಚಾಚಿ ತೋರಿಸಿದಳು. ಡಾರ್ಲಾ ಮುಟ್ಟಲಿಲ್ಲ, ನೋಡಿದಳು.

"ನೀವು ಕೊಂದ್ರಿ ಅವನನ್ನ," ಎಂದಳು.

"ಹೌದು."

"ನನ್ನ ಮನೆ ಕಡೆ ಇನ್ನು ಬರಬೇಡಿ."

"ಸರಿ."

ಡಾರ್ಲಾ ತನ್ನ ವ್ಯಾನಿಗೆ ಹತ್ತಿ ಹೊರಟಳು. ಹಾರ್ಲನ್ ಸತ್ತ ಮೇಲೆ ಒಲೀಟಾಳನ್ನು ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಾದು, ಆ ಉತ್ತರವನ್ನು ನಂಬಿದವಳು ಅವಳೊಬ್ಬಳೇ. ಊರಿನಲ್ಲಿ ಅವಳಿಗೆ ಉಳಿದಿದ್ದ ಕೊನೆಯ ಮನೆಯ ಬಾಗಿಲೂ ಅಲ್ಲಿಗೆ ಮುಚ್ಚಿತು. ಒಲೀಟಾ ಆ ಧೂಳಿನಲ್ಲಿ ನಿಂತು, ಬಹಳ ತಿಂಗಳ ಮೇಲೆ, ಅತ್ತಳು.

ಇದು ದೂರದ ದೇಶದ ಕಥೆ ಎಂದು ಪುಟ ಮಗುಚಬೇಡಿ. ಕಳ್ಳನೆಂದು ಯಾರನ್ನೋ ಕಂಬಕ್ಕೆ ಕಟ್ಟಿ ಬಡಿದ ಸುದ್ದಿ ಬಂದಾಗ ನೀವೂ "ಸರಿಯಾಯ್ತು" ಎಂದಿದ್ದೀರಿ. ಆ ಗುಂಪಿನಲ್ಲಿದ್ದವನೊಬ್ಬ ನಿಮ್ಮ ಬೀದಿಯಲ್ಲೂ ಇದ್ದಾನೆ, ನಿಮ್ಮ ಮನೆಯಲ್ಲೂ ಇರಬಹುದು. ಒಂದಲ್ಲ ಒಂದು ದಿನ ಅವನು ನಿಮ್ಮ ಮುಂದೆ ಕುಳಿತು, "ಅದನ್ನು ಮಾಡಿದ್ದು ನಾನು" ಎಂದು ಬಾಯಿ ತೆರೆಯುತ್ತಾನೆ. ಆಗ ಬೆನ್ನು ಸವರಬೇಡಿ. ಕಾನೂನು ಹೇಳಬೇಡಿ. ದೇವರನ್ನು ನಡುವೆ ತರಬೇಡಿ. ಅವನು ಹೇಳಿ ಮುಗಿಸುವವರೆಗೆ ಕುಳಿತು ಕೇಳಿ. ಮುಗಿಸಿದ ಮೇಲೆ, ಹೌದು, ನೀನೇ ಮಾಡಿದ್ದು ಎಂದು ಅವನ ಮುಖ ನೋಡಿ ಹೇಳಿ.